ಹೊಸ ಎಂಜಿನ್ನನ್ನು ಪಳಗಿಸುವ ಬಗೆ

ಕಳೆದ ಆಯುಧಪೂಜೆಗೆ ನಾಲ್ಕು ದಿನ ಮುಂಚೆ ನಮ್ಮ ಮನೆಗೆ ಹೊಸ ಕಾರೊಂದು ಬಂದಿತು. ಅದರ ಕೊರಳಿಗೆ ಸೇವಂತಿಗೆಯ ಹಾರ ಬಿದ್ದಿತು. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಯ ಹಣ್ಣುಗಳನ್ನಿಟ್ಟದ್ದಾಯಿತು. ಬೂದುಗುಂಬಳವನ್ನು ನಿವಾಳಿಸಿ ಒಡೆದದ್ದೂ ಆಯಿತು. ಆರತಿಯ ತಟ್ಟೆ ಇನ್ನೂ ಒಳಕ್ಕೆ ಹೋಗಿರಲಿಲ್ಲ, ಅಷ್ಟರಲ್ಲಿಯೇ ಗೇಟಿನ ಬಳಿ ದೊಡ್ಡದೊಂದು ವಾದ ಹುಟ್ಟಿತು. ನಮ್ಮ ಚಿಕ್ಕಪ್ಪನವರು, "ಮೊದಲ ಸಾವಿರ ಕಿಲೋಮೀಟರು ನಲವತ್ತರ ಮೇಲೆ ಮುಳ್ಳು ಹೋಗಕೂಡದು, ಹಸುಗೂಸನ್ನು ಎತ್ತಿಕೊಂಡ ಹಾಗೆ ನಡೆಸಬೇಕು" ಎಂದರು. ನಮ್ಮ ಸೋದರಳಿಯನು ಈಗಿನ ಕಾಲದವನು. ಅವನು, "ಚಿಕ್ಕತಾತ, ಅದೆಲ್ಲ ಅಂಬಾಸಡರ್ ಕಾಲಕ್ಕೆ ಸರಿ. ಈಗಿನ ಎಂಜಿನ್ನನ್ನು ಕಾರ್ಖಾನೆಯಲ್ಲಿಯೇ ಪಳಗಿಸಿ ಕಳುಹಿಸುತ್ತಾರೆ. ಮೊದಲ ದಿನವೇ ಚೆನ್ನಾಗಿ ಓಡಿಸಿಬಿಡಬೇಕು" ಎಂದನು. ಇವರಿಬ್ಬರ ನಡುವೆ ನಮ್ಮ ತಾಯಿಯವರು, ಕಾರು ಬಂದರೆ ಮನೆಯವರೆಲ್ಲ ಅದರಲ್ಲಿಯೇ ಧರ್ಮಸ್ಥಳಕ್ಕೆ ಬರುವೆವೆಂದು ತಾವು ಹರಕೆ ಹೊತ್ತಿರುವುದನ್ನೂ, ಬರುವ ಸೋಮವಾರವೇ ಹೊರಡತಕ್ಕದ್ದೆಂಬುದನ್ನೂ ತಿಳಿಸಿದರು. ಏಳು ಮಂದಿ, ಅವರ ಗಂಟುಮೂಟೆ, ಮೇಲೆ ಶಿರಾಡಿಯ ಘಾಟಿ!

ಐದು ವರ್ಷಗಳ ಕಂತಿನ ಸಾಲದ ಮೇಲೆ ಕೊಂಡ ಗಾಡಿಯ ವಿಷಯದಲ್ಲಿ ಇಂಥ ವಾದವು ಬರಿಯ ಹರಟೆಯಾಗಲಾರದು. ಕಂತು ಮುಗಿಯುವ ಮೊದಲೇ ಎಂಜಿನ್ನು ಹೊಗೆ ಕಾರತೊಡಗಿದರೆ ಸಂಸಾರಸ್ಥನ ಪಾಡೇನು? ಆದುದರಿಂದ ಆ ದಿನ ನಾವು ಯಾರ ಪಕ್ಷವನ್ನೂ ಹಿಡಿಯದೆ ಕಾರನ್ನು ಷೆಡ್ಡಿನಲ್ಲಿ ನಿಲ್ಲಿಸಿ, ಗಾಡಿಯೊಡನೆ ಬಂದ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೂ ಓದಿದೆವು. ಹೊಸ ಕಾರು ಕೊಂಡವರಲ್ಲಿ ಈ ಪುಸ್ತಕವನ್ನು ಬಿಚ್ಚಿ ನೋಡುವವರು ಬಹಳ ವಿರಳ. ಅದರಲ್ಲಿ ಹೇಳಿದ್ದು ಏಕೆಂಬುದನ್ನು ಅನಂತರ ಒಬ್ಬ ಅನುಭವಸ್ಥ ಮೇಸ್ತ್ರಿಯಿಂದ ಕೇಳಿ ತಿಳಿದೆವು. ಆ ವಿಚಾರವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಹೊಸ ವಸ್ತುವನ್ನು ಪಳಗಿಸುವುದು ನಮ್ಮ ಮನೆಗಳಿಗೆ ಹೊಸ ವಿದ್ಯೆಯಲ್ಲ. ಸಂತೆಯಿಂದ ತಂದ ಕಬ್ಬಿಣದ ಹಂಚಿನ ಮೇಲೆ ಮೊದಲ ದಿನವೇ ದೋಸೆ ಏಳುವುದುಂಟೆ? ಹೊಸ ಒರಳಿನಲ್ಲಿ ಮೊದಲು ತೌಡನ್ನೋ ನುಚ್ಚನ್ನೋ ರುಬ್ಬಿ ಚೆಲ್ಲಿ, ಕಲ್ಲಿನ ಪುಡಿಯೆಲ್ಲ ಹೋದ ಮೇಲೆಯೇ ಹಿಟ್ಟಿಗೆ ಹಾಕುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಈ ಒರಳಿನ ಉದಾಹರಣೆಯನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಕೆಲಸವಿದೆ.

ಎಂಜಿನ್ನಿನೊಳಗೆ ನಡೆಯುವುದೇನೆಂದರೆ: ಸಿಲಿಂಡರೆಂಬ ಕೊಳವೆಯಲ್ಲಿ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಆಡುತ್ತಿರುತ್ತದೆ. ಪಿಸ್ಟನ್ನಿಗೂ ಕೊಳವೆಯ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದಿರುವುದು. ಆ ಸಂದನ್ನು ಮುಚ್ಚುವುದಕ್ಕಾಗಿ ಪಿಸ್ಟನ್ನಿನ ಸುತ್ತಲೂ ಕೊರೆದ ಗಾಡಿಗಳಲ್ಲಿ ಸಾಮಾನ್ಯವಾಗಿ ಮೂರು ರಿಂಗುಗಳನ್ನು ತೊಡಿಸಿರುತ್ತಾರೆ. ಮೇಲಿನವು ಉರಿಯುವ ಅನಿಲವು ಕೆಳಕ್ಕೆ ಸೋರದಂತೆ ತಡೆಯುತ್ತವೆ. ಕೆಳಗಿನದು ಗೋಡೆಯ ಮೇಲೆ ಹೆಚ್ಚಾದ ಎಣ್ಣೆಯನ್ನು ಕೆರೆದು ಕೆಳಕ್ಕಿಳಿಸುತ್ತದೆ. ಮಿಕ್ಕ ಭಾಗಗಳೆಲ್ಲ ಹೇಗೇ ಇರಲಿ, ಎಂಜಿನ್ನಿನ ಆಯುಸ್ಸಿನ ಬಹುಭಾಗ ಈ ರಿಂಗುಗಳು ಗೋಡೆಗೆ ಎಷ್ಟು ಚೆನ್ನಾಗಿ ಒಗ್ಗಿಕೊಂಡುವು ಎಂಬುದನ್ನು ಅವಲಂಬಿಸಿರುತ್ತದೆ.

ಆ ಗೋಡೆಯನ್ನು ಕಾರ್ಖಾನೆಯವರು ಬೇಕೆಂದೇ ಪೂರ್ತಿ ನುಣುಪು ಮಾಡಿರುವುದಿಲ್ಲ. ಸಾಣೆಕಲ್ಲಿನಂಥ ಉಪಕರಣವನ್ನು ಒಳಗೆ ತಿರುಗಿಸುತ್ತ ಮೇಲೆ ಕೆಳಗೆ ಆಡಿಸಿ, ಚಾಪೆಯ ಹೆಣಿಗೆಯಂತೆ ಒಂದನ್ನೊಂದು ಕತ್ತರಿಸುವ ಓರೆಗೀರುಗಳನ್ನು ಮೂಡಿಸುತ್ತಾರೆ. ಇದಕ್ಕೆ ಹೋನಿಂಗ್ ಎಂದು ಹೆಸರು. ಈ ಗೀರುಗಳ ಆಳವು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎಣಿಸುವಷ್ಟು ಕಡಿಮೆ. ಗೀರಿನ ತಗ್ಗಿನಲ್ಲಿ ಎಣ್ಣೆ ನಿಲ್ಲಬೇಕು; ಗೀರುಗಳ ನಡುವೆ ಎದ್ದ ಸೂಕ್ಷ್ಮವಾದ ಏಣುಗಳನ್ನು ರಿಂಗು ಉಜ್ಜಿ ಉಜ್ಜಿ ಸಮಮಾಡಬೇಕು. ಹಾಗೆ ಉಜ್ಜುವಾಗ ರಿಂಗಿನ ಅಂಚೂ ಆ ಗೋಡೆಯ ಆಕಾರವನ್ನೇ ಪಡೆಯುತ್ತದೆ. ತಗ್ಗು ಉಳಿದು ಏಣು ಸವೆದಾಗ ಎಂಜಿನ್ನು ಪಳಗಿತು ಎನ್ನಬಹುದು.

ಉಜ್ಜಾಟವು ಎಷ್ಟೆಂಬುದನ್ನು ಒಂದು ಪರಿಚಿತವಾದ ಲೆಕ್ಕದಿಂದ ತೋರಿಸುವೆವು. 1983ರಿಂದ 2014ರವರೆಗೆ ನಮ್ಮ ದೇಶದಲ್ಲಿ ತಯಾರಾದ ಮಾರುತಿ 800 ಕಾರನ್ನು ಕಾಣದವರಿಲ್ಲ. ಅದರ ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ನಿನಲ್ಲಿ ಪಿಸ್ಟನ್ನು ಒಂದು ಸಲಕ್ಕೆ ನಡೆಯುವ ದೂರ 72 ಮಿಲಿಮೀಟರು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಪಿಸ್ಟನ್ನೂ ಸೆಕೆಂಡಿಗೆ 50 ಬಾರಿ ಮೇಲೇರಿ ಕೆಳಗಿಳಿಯುತ್ತದೆ. ಎಂದರೆ ರಿಂಗು ಸೆಕೆಂಡಿಗೆ 7 ಮೀಟರಿಗಿಂತ ಹೆಚ್ಚು ದೂರ ಗೋಡೆಯನ್ನು ಉಜ್ಜುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಎಂಜಿನ್ನು ಇದೇ ಲೆಕ್ಕದಲ್ಲಿ ತಿರುಗಿತೆಂದಿಟ್ಟುಕೊಂಡರೆ, ಗಾಡಿಯು 1000 ಕಿಲೋಮೀಟರು ಹೋಗಿ ನಿಲ್ಲುವಷ್ಟರಲ್ಲಿ ರಿಂಗು ಆ ಗೇಣುದ್ದವೂ ಇಲ್ಲದ ಕೊಳವೆಯೊಳಗೆ 430 ಕಿಲೋಮೀಟರು ನಡೆದು ಮುಗಿಸಿರುತ್ತದೆ!

ಇನ್ನು ಮುಖ್ಯವಾದ ಮಾತು. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವ ಶಕ್ತಿ ಯಾವುದು? ರಿಂಗಿಗೆ ತನ್ನದೇ ಆದ ಸ್ಪ್ರಿಂಗಿನ ಗುಣ ಸ್ವಲ್ಪ ಇದೆ; ಆದರೆ ಅದು ಸಾಲದು. ಪೆಟ್ರೋಲು ಹೊತ್ತಿಕೊಂಡಾಗ ಹುಟ್ಟುವ ಅನಿಲವು ರಿಂಗಿನ ಮೇಲುಗಡೆಯಿಂದ ನುಸುಳಿ ಅದರ ಬೆನ್ನ ಹಿಂದಕ್ಕೆ ಹೋಗಿ, ಅದನ್ನು ಹೊರಕ್ಕೆ, ಗೋಡೆಯ ಕಡೆಗೆ, ದಬ್ಬುತ್ತದೆ. ಎಂಜಿನ್ನಿಗೆ ಕೆಲಸ ಹೆಚ್ಚಿದ್ದಾಗ ಈ ದಬ್ಬುವಿಕೆ ಹೆಚ್ಚು. ಸುಮ್ಮನೆ ಗುರುಗುಟ್ಟುತ್ತ ನಿಂತಿದ್ದಾಗ ಬಹಳ ಕಡಿಮೆ. ಆದುದರಿಂದ ಹೊರೆಯೇ ಇಲ್ಲದೆ ನಡೆದ ಹೊಸ ಎಂಜಿನ್ನಿನಲ್ಲಿ ರಿಂಗು ಏಣುಗಳನ್ನು ಸವೆಸದೆ ಅವುಗಳ ಮೇಲೆ ಜಾರುತ್ತದೆ. ಸಂದಿನಲ್ಲಿ ಉಳಿದ ಎಣ್ಣೆಯು ಶಾಖಕ್ಕೆ ಸುಟ್ಟು, ಗಾಜಿನಂಥ ಒಂದು ಲೇಪವಾಗಿ ಗೀರುಗಳಲ್ಲಿ ತುಂಬಿಕೊಳ್ಳುತ್ತದೆ. ಒಮ್ಮೆ ಹಾಗಾಯಿತೆಂದರೆ, ಆಮೇಲೆ ಎಷ್ಟು ಸಾವಿರ ಕಿಲೋಮೀಟರು ಓಡಿಸಿದರೂ ರಿಂಗು ಕೂರುವುದು ಬಹು ಕಷ್ಟ.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಮೇಲೆ ಹೇಳಿದ ಚಿಕ್ಕಪ್ಪನವರ ಕಾರಿನಲ್ಲಿಯೇ ಕಣ್ಣಾರೆ ಕಂಡೆವು.

ಅವರು ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದಾಗ ಬಂದ ಹಣದಲ್ಲಿ ಒಂದು ಸಣ್ಣ ಕಾರನ್ನು ಕೊಂಡಿದ್ದರು. ಅದನ್ನು ಅವರು ನೋಡಿಕೊಂಡಷ್ಟು ಚೆನ್ನಾಗಿ ತಮ್ಮ ಮೈಯನ್ನೂ ನೋಡಿಕೊಂಡವರಲ್ಲ. ಪ್ರತಿದಿನವೂ ಬೆಳಗ್ಗೆ ಸ್ನಾನ ಮುಗಿಸಿ ಎಂಜಿನ್ನನ್ನು ಚಾಲೂ ಮಾಡಿ, ಸಂಧ್ಯಾವಂದನೆ ಮುಗಿಯುವವರೆಗೂ ಅದನ್ನು ಷೆಡ್ಡಿನಲ್ಲಿಯೇ ಓಡಗೊಟ್ಟು, ಬಳಿಕ ನಿಲ್ಲಿಸುವರು. ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋಗಿ ಬರುವರು. ವೇಗ ಎಂದೂ ನಲವತ್ತನ್ನು ಮೀರದು. ಎಂಜಿನ್ನಿಗೆ ಶ್ರಮವಾಗದಿರಲೆಂದು ಆದಷ್ಟು ಬೇಗ ಮೇಲಿನ ಗೇರಿಗೆ ಹಾಕಿಬಿಡುವರು. ಆರು ವರ್ಷಗಳಲ್ಲಿ ಗಾಡಿ 19,000 ಕಿಲೋಮೀಟರು ಓಡಿತ್ತು. ಆ ವೇಳೆಗೆ ಬೆಳಗ್ಗೆ ಚಾಲೂ ಮಾಡಿದೊಡನೆ ಹಿಂದಿನಿಂದ ನೀಲಿ ಹೊಗೆ ಏಳತೊಡಗಿತು. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರಿಗೂ ಮೀರಿ ಎಣ್ಣೆ ಹಾಕಬೇಕಾಯಿತು. ಮಾರಿದ ಅಂಗಡಿಯವರು ಇಷ್ಟೆಲ್ಲ ಸಹಜವೆಂದು ಹೇಳಿ ಕಳುಹಿಸಿದರು. ಕಡೆಗೆ ಒಬ್ಬ ಹಳೆಯ ಮೇಸ್ತ್ರಿಯ ಬಳಿಗೆ ಒಯ್ದೆವು, ನಾವೂ ಜೊತೆಗಿದ್ದೆವು.

ಮೇಸ್ತ್ರಿಯು ಎಂಜಿನ್ನಿನ ತಲೆಯನ್ನು ಕಳಚಿ, ಪಿಸ್ಟನ್ನನ್ನು ಕೆಳಕ್ಕಿಳಿಸಿ, ಟಾರ್ಚು ಹಾಕಿ ತೋರಿಸಿದನು. ಸಿಲಿಂಡರಿನ ಗೋಡೆ ಥಳಥಳನೆ ಹೊಳೆಯುತ್ತಿತ್ತು. ಚಿಕ್ಕಪ್ಪನವರ ಮುಖ ಅರಳಿತು. "ನೋಡಪ್ಪ, ಆರು ವರ್ಷ ಕನ್ನಡಿಯ ಹಾಗೆ ಇಟ್ಟುಕೊಂಡಿದ್ದೇನೆ" ಎಂದರು.

"ಸ್ವಾಮಿ, ಅದಕ್ಕೆ ಬಂದಿರುವ ಕಾಯಿಲೆಯೇ ಅದು" ಎಂದನು ಮೇಸ್ತ್ರಿ. ಪಕ್ಕದಲ್ಲಿ ಹೊಸದಾಗಿ ಹೋನಿಂಗ್ ಮಾಡಿಸಿ ತಂದಿದ್ದ ಇನ್ನೊಂದು ಎಂಜಿನ್ನಿನ ಗೋಡೆಯನ್ನು ತೋರಿಸಿದನು. ಅದು ಮಾಸಲು ಬೂದುಬಣ್ಣ. ಓರೆಯಾಗಿ ಬೆಳಕು ಬಿಟ್ಟರೆ ಚಾಪೆಯ ಹೆಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. "ಇದು ಹೀಗಿರಬೇಕು ಸ್ವಾಮಿ. ನಿಮ್ಮದು ಸವೆದ ಒರಳು. ಎಷ್ಟು ತಿರುವಿದರೂ ಹಿಟ್ಟು ನುಣ್ಣಗಾಗುವುದಿಲ್ಲ. ಮತ್ತೆ ಉಳಿ ಹಾಕಬೇಕು." ಗೋಡೆಗೆ ಪುನಃ ಗೀರು ಹಾಕಿಸಿ, ಹೊಸ ರಿಂಗು ತೊಡಿಸಿ, ಎಲ್ಲವನ್ನೂ ಕೂಡಿಸುವಷ್ಟರಲ್ಲಿ ಚಿಕ್ಕಪ್ಪನವರ ಮೂರು ತಿಂಗಳ ಪಿಂಚಣಿ ಖರ್ಚಾಯಿತು. ಮೊದಲ ಸಾವಿರ ಕಿಲೋಮೀಟರಿನ ಅತಿಮೃದುತ್ವವೊಂದೇ ಇದಕ್ಕೆ ಕಾರಣವೆಂದು ಮೇಸ್ತ್ರಿಯೂ ಹೇಳಲಿಲ್ಲ, ನಾವೂ ಹೇಳೆವು. ಆರು ವರ್ಷಗಳೂ ಅದೇ ಅಭ್ಯಾಸ ಮುಂದುವರಿದಿತ್ತು. ಆದರೆ ಹೊಸದರಲ್ಲಿ ರಿಂಗು ಚೆನ್ನಾಗಿ ಕೂತಿದ್ದರೆ ಗಾಡಿ ಅಷ್ಟು ಬೇಗ ಸೋಲುತ್ತಿರಲಿಲ್ಲವೆಂಬುದು ಆತನ ಅಭಿಪ್ರಾಯ.

ಇಷ್ಟಾದ ಮೇಲೂ ಚಿಕ್ಕಪ್ಪನವರು ನಮ್ಮ ಗೇಟಿನ ಮುಂದೆ ನಲವತ್ತರ ಮಾತನ್ನೇ ಏಕೆ ಆಡಿದರೆಂದು ವಾಚಕರು ಕೇಳಬಹುದು. ಅವರ ಮಾತಿಗೆ ಆಧಾರವಿಲ್ಲದಿಲ್ಲ. ಹಿಂದಿನ ಕಾಲದ ಎಂಜಿನ್ನುಗಳ ಗೋಡೆಗಳೂ ಬೇರಿಂಗುಗಳೂ ಈಗಿನಷ್ಟು ನಯವಾಗಿ ಮುಗಿದು ಬರುತ್ತಿರಲಿಲ್ಲ. ಒರಟು ಭಾಗಗಳು ಅವಸರದಲ್ಲಿ ಉಜ್ಜಿಕೊಂಡರೆ ಒಂದೆಡೆ ವಿಪರೀತ ಕಾದು, ಲೋಹ ಲೋಹಕ್ಕೆ ಹತ್ತಿಕೊಂಡು, ಗೋಡೆಯ ಮೇಲೆ ಉದ್ದುದ್ದ ಗೆರೆಗಳು ಬೀಳುತ್ತಿದ್ದುವು. ಒಮ್ಮೊಮ್ಮೆ ಪಿಸ್ಟನ್ನು ಕಚ್ಚಿಕೊಂಡು ನಿಂತೇಬಿಡುತ್ತಿತ್ತು. ಆಗ ಮೊದಲ 500 ಮೈಲಿಗಳನ್ನು ಎತ್ತಿನ ಗಾಡಿಯವನ ತಾಳ್ಮೆಯಿಂದ ಕಳೆಯಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಹೊಸ ಕಾರಿನವರು, "ಎಂಜಿನ್ನು ಪಳಗುತ್ತಿದೆ, ದಯವಿಟ್ಟು ಮುಂದೆ ಹೋಗಿ" ಎಂಬರ್ಥದ ಚೀಟಿಯನ್ನು ಹಿಂದಿನ ಗಾಜಿಗೆ ಅಂಟಿಸಿಕೊಂಡು ಹೋಗುತ್ತಿದ್ದರು. ಹಿಂದಿನವನು ಹಾರನ್ನು ಹೊಡೆಯದಿರಲೆಂದು ಮಾಡಿದ ಈ ಸಭ್ಯ ಏರ್ಪಾಡು ನಮ್ಮ ಊರುಗಳಲ್ಲಿ ಎಷ್ಟುಮಟ್ಟಿಗೆ ಫಲಿಸುತ್ತಿತ್ತೋ ಹೇಳಲಾರೆವು.

ಸೋದರಳಿಯನ ಮಾತೂ ಅರ್ಧ ಸತ್ಯ. ಈಗ ಕಾರ್ಖಾನೆಯಲ್ಲಿ ಹೋನಿಂಗ್ ಕೆಲಸವನ್ನು ಹಲವು ಹಂತಗಳಲ್ಲಿ ಮಾಡಿ, ಚೂಪಾದ ಏಣುಗಳ ತುದಿಯನ್ನು ಅಲ್ಲಿಯೇ ಕತ್ತರಿಸಿಬಿಡುತ್ತಾರೆ. ಆದ್ದರಿಂದ ಪಳಗುವ ಕೆಲಸದ ಹೆಚ್ಚು ಭಾಗ ಅಲ್ಲೇ ಮುಗಿದಿರುವುದು ನಿಜ. ಆದರೆ ಪ್ರತಿಯೊಂದು ಎಂಜಿನ್ನನ್ನೂ ಅಲ್ಲಿ ಗಂಟೆಗಟ್ಟಲೆ ಓಡಿಸಿ ಕಳುಹಿಸುವರೆಂಬುದು ತಪ್ಪು ತಿಳಿವಳಿಕೆ. ಎಷ್ಟೋ ಕಾರ್ಖಾನೆಗಳಲ್ಲಿ ಪೆಟ್ರೋಲು ಹೊತ್ತಿಸದೆಯೇ ವಿದ್ಯುತ್ ಮೋಟಾರಿನಿಂದ ಎಂಜಿನ್ನನ್ನು ತಿರುಗಿಸಿ ಪರೀಕ್ಷಿಸುತ್ತಾರೆ. ಕಡೆಯ ಸಂಸ್ಕಾರವು ಕೊಂಡವನ ಕಾಲಿಗೇ ಬಿಟ್ಟದ್ದು. ಅದಕ್ಕಾಗಿಯೇ ಇಂದಿನ ಕೈಪಿಡಿಗಳಲ್ಲಿಯೂ ಮೊದಲ 1000 ಕಿಲೋಮೀಟರಿನ ಆಸುಪಾಸಿನ ನಿಯಮಗಳು ಉಳಿದುಕೊಂಡಿವೆ. ಜರ್ಮನಿಯ ಕೆಲವು ಬಲಶಾಲಿ ಕಾರುಗಳಿಗೆ ಈ ಅವಧಿ 2000 ಕಿಲೋಮೀಟರಿನವರೆಗೂ ಇರುತ್ತದೆ. ಬೇರೆ ಬೇರೆ ಕಂಪನಿಗಳ ಕೈಪಿಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತಿರುಳು ಬಹುಮಟ್ಟಿಗೆ ಒಂದೇ: ಆಕ್ಸಿಲರೇಟರನ್ನು ಪೂರ್ತಿ ಅದುಮಬೇಡಿ, ಬಹಳ ಹೊತ್ತು ಒಂದೇ ವೇಗದಲ್ಲಿ ಹೋಗಬೇಡಿ, ಮೇಲಿನ ಗೇರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸಬೇಡಿ, ಭಾರ ಎಳೆಯಬೇಡಿ. ಒಂದೇ ವೇಗ ಬೇಡವೆಂಬ ಮಾತನ್ನು ಜನ ಹೆಚ್ಚಾಗಿ ಗಮನಿಸುವುದಿಲ್ಲ. ವೇಗ ಬದಲಾದಂತೆ ರಿಂಗಿನ ಮೇಲಿನ ಒತ್ತಡವೂ ಶಾಖವೂ ಬದಲಾಗಿ, ಅದು ನಾನಾ ಸ್ಥಿತಿಗಳಿಗೆ ಒಗ್ಗಿಕೊಳ್ಳುತ್ತದೆ.

ಇನ್ನು ನಾವು ಮಾಡಿದ್ದನ್ನು ಹೇಳುವೆವು.

ಬೆಳಗ್ಗೆ ಚಾಲೂ ಮಾಡಿ ಅರ್ಧ ನಿಮಿಷದೊಳಗೆ ಗಾಡಿಯನ್ನು ಮೆಲ್ಲನೆ ಹೊರಡಿಸುತ್ತಿದ್ದೆವು. ನಿಂತಲ್ಲಿಯೇ ಬೆಚ್ಚಗಾಗಿಸುವುದರಿಂದ ಪ್ರಯೋಜನವಿಲ್ಲ. ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ ಹೋಗಿ, ಉರಿಯದೆ ಉಳಿದದ್ದು ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ. ಮೊದಲ ಎಂಟು ಹತ್ತು ಕಿಲೋಮೀಟರು ಯಾವ ಒತ್ತಾಯವೂ ಇಲ್ಲ. ನೀರು ಬಿಸಿಯಾದೊಡನೆ ಎಣ್ಣೆಯೂ ಬಿಸಿಯಾಯಿತೆಂದು ತಿಳಿಯಬಾರದು. ಅದು ತುಸು ನಿಧಾನ.

ಆಮೇಲೆ ಮೈಸೂರಿನ ಹೊರವರ್ತುಲ ರಸ್ತೆಗೆ ಹೋಗಿ, ಹಿಂದೆ ಮುಂದೆ ಗಾಡಿಗಳಿಲ್ಲದ ಕಡೆ, ಮೂರನೆಯ ಗೇರಿನಲ್ಲಿ ನಲವತ್ತರಿಂದ ಎಪ್ಪತ್ತರವರೆಗೆ ಆಕ್ಸಿಲರೇಟರನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಒತ್ತಿ ಏರಿಸುವೆವು. ಎಪ್ಪತ್ತು ಮುಟ್ಟಿದೊಡನೆ ಕಾಲು ತೆಗೆದು, ಗೇರನ್ನು ಬದಲಾಯಿಸದೆ, ಗಾಡಿ ತಾನಾಗಿ ನಲವತ್ತಕ್ಕೆ ಇಳಿಯುವಂತೆ ಬಿಡುವೆವು. ಏರಿಸುವಾಗ ಅನಿಲವು ರಿಂಗನ್ನು ಒತ್ತುತ್ತದೆ. ಇಳಿಸುವಾಗ ಸಿಲಿಂಡರಿನೊಳಗೆ ನಿರ್ವಾತ ಹೆಚ್ಚಿ ಗೋಡೆಗೆ ಎಣ್ಣೆ ಏರಿ ತಂಪಾಗುವುದೆಂದು ಮೇಸ್ತ್ರಿಗಳು ಹೇಳುವರು. ದಿನಕ್ಕೆ ಎಂಟು ಹತ್ತು ಸಲ ಹೀಗೆ ಮಾಡಿದೆವು. ನಿಮಿಷಕ್ಕೆ 4000 ಸುತ್ತನ್ನು ಮೀರಲಿಲ್ಲ. ಡೀಸೆಲ್ ಎಂಜಿನ್ನಾದರೆ ಇದಕ್ಕಿಂತಲೂ ಸಾಕಷ್ಟು ಕೆಳಗೆ ನಿಲ್ಲಿಸಬೇಕು. ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಪ್ರಮಾಣ.

ಇದೇ ಕಾರಣದಿಂದ 2023ರಲ್ಲಿ ತೆರೆದ ಬೆಂಗಳೂರು ಹೆದ್ದಾರಿಯನ್ನು ಮೊದಲ ತಿಂಗಳು ದೂರವಿಟ್ಟೆವು. ಅಲ್ಲಿ 118 ಕಿಲೋಮೀಟರು ಒಂದೇ ವೇಗದಲ್ಲಿ ತೂಕಡಿಸುತ್ತ ಹೋಗುವ ಆಸೆ ಯಾರಿಗೂ ತಪ್ಪದು. ಅದರ ಬದಲು ನಂಜನಗೂಡಿಗೆ, ಶ್ರೀರಂಗಪಟ್ಟಣಕ್ಕೆ, ಹಳ್ಳಿಗಳ ನಡುವಣ ರಸ್ತೆಗಳಲ್ಲಿ ತಿರುಗಾಡಿದೆವು. ಊರು ಬಂದಲ್ಲಿ ನಿಧಾನ, ಬಯಲು ಬಂದಲ್ಲಿ ವೇಗ, ದನ ಅಡ್ಡ ಬಂದಲ್ಲಿ ನಿಲುಗಡೆ; ಎಂಜಿನ್ನನ್ನು ಪಳಗಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ?

ಬ್ರೇಕಿಗೂ ಟೈರಿಗೂ ಮೊದಲ 300 ಕಿಲೋಮೀಟರು ಇದೇ ಎಚ್ಚರಿಕೆ ಬೇಕು. ಹೊಸ ಟೈರಿನ ಮೈ ಜಾರುವುದು. ಹೊಸ ಬ್ರೇಕಿನ ಪಟ್ಟಿಗಳು ಇನ್ನೂ ಡಿಸ್ಕಿಗೆ ಒಪ್ಪಿರುವುದಿಲ್ಲ. ವಿದ್ಯುತ್ ಕಾರು ಕೊಂಡವರಿಗೆ ಪಿಸ್ಟನ್ನಿನ ಗೊಡವೆ ಇಲ್ಲದಿದ್ದರೂ ಈ ಎರಡರ ಗೊಡವೆ ತಪ್ಪಿದ್ದಲ್ಲ.

ಎಣ್ಣೆಯ ವಿಷಯದಲ್ಲಿ ಒಂದು ಮಾತು. ಹಿಂದೆ 500 ಮೈಲಿಗೇ ಮೊದಲ ಎಣ್ಣೆಯನ್ನು ಚೆಲ್ಲುತ್ತಿದ್ದರು. ಅದರಲ್ಲಿ ಲೋಹದ ಪುಡಿ ಕಣ್ಣಿಗೆ ಕಾಣುವಷ್ಟಿರುತ್ತಿತ್ತು. ಈಗ ಹೆಚ್ಚಿನ ಕಂಪನಿಗಳು 1000 ಕಿಲೋಮೀಟರಿನ ಮೊದಲ ಉಚಿತ ಸರ್ವಿಸಿನಲ್ಲಿ ಗಾಡಿಯನ್ನು ಪರೀಕ್ಷೆ ಮಾತ್ರ ಮಾಡುತ್ತವೆ. ಕೆಲವು ಕೈಪಿಡಿಗಳು ಅವಧಿಗೆ ಮುಂಚೆ ಎಣ್ಣೆ ಬದಲಾಯಿಸಬಾರದೆಂದೇ ಹೇಳುತ್ತವೆ. ನಾವೂ ಬದಲಾಯಿಸಲಿಲ್ಲ. ಆದರೆ ವಾರಕ್ಕೊಮ್ಮೆ, ಎಂಜಿನ್ನು ಆರಿದ ಮೇಲೆ ಸಮನೆಲದಲ್ಲಿ ನಿಲ್ಲಿಸಿ, ಕಡ್ಡಿಯನ್ನು ಹೊರಗೆಳೆದು ಒರೆಸಿ, ಮತ್ತೆ ಅದ್ದಿ, ಎಣ್ಣೆಯ ಮಟ್ಟವನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆವು. ಹೊಸ ಎಂಜಿನ್ನು ಆರಂಭದಲ್ಲಿ ತುಸು ಎಣ್ಣೆ ಕುಡಿಯುವುದುಂಟು. ರಿಂಗು ಕೂತಂತೆ ಅದು ನಿಲ್ಲಬೇಕು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಗಾಡಿಗಳಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕಾಗಿದೆ. ಸುಟ್ಟ ಎಣ್ಣೆಯ ಬೂದಿಯು ಹೊಗೆಯನ್ನು ಶುದ್ಧಿಮಾಡುವ ದುಬಾರಿ ಉಪಕರಣಗಳಲ್ಲಿ ಕೂತು ಅವನ್ನೂ ಕೆಡಿಸುತ್ತದೆ.

ತಾಯಿಯವರ ಹರಕೆಯ ಮಾತು ಉಳಿಯಿತು. ಏಳು ಮಂದಿಯನ್ನು ಹೇರಿಕೊಂಡು ಆ ಸೋಮವಾರವೇ ಘಾಟಿ ಹತ್ತಿಸುವುದು ತರವಲ್ಲವೆಂದು ನಾವು ಬಹಳ ಅಳುಕುತ್ತ ಬಿನ್ನವಿಸಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮಂಜುನಾಥಸ್ವಾಮಿ ಸಾವಿರ ಕಿಲೋಮೀಟರು ಕಾಯುತ್ತಾನೆ. ಚಾಮುಂಡಮ್ಮ ಕಾಯುವುದಿಲ್ಲ, ಅವಳು ಊರ ದೇವತೆ" ಎಂದರು. ಇದರಲ್ಲಿ ಅವರಿಗೆ ಅರಿವಿಲ್ಲದೆಯೇ ಒಳ್ಳೆಯ ಯಂತ್ರಶಾಸ್ತ್ರವಿತ್ತು. ನಾಲ್ಕೇ ಮಂದಿಯನ್ನು ಕೂಡಿಸಿಕೊಂಡು, ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆ, ಚಾಮುಂಡಿಬೆಟ್ಟವನ್ನು ಎರಡನೆಯ ಮೂರನೆಯ ಗೇರುಗಳಲ್ಲಿ ಹತ್ತಿದೆವು. ಇಳಿಯುವಾಗ ಕಾಲು ತೆಗೆದು ಅದೇ ಗೇರುಗಳಲ್ಲಿ ಇಳಿದೆವು. ಹೊಸ ರಿಂಗಿಗೆ ಬೇಕಾದ ಹದವಾದ ಹೊರೆ, ಬೇಕಾದ ಬಿಡುವು, ಎರಡೂ ಅಲ್ಲಿ ದೊರೆತುವು. ಆ ತಿಂಗಳಲ್ಲಿ ಮೂರು ಸಲ ದೇವಿಯ ದರ್ಶನವಾಯಿತು.

1000 ಕಿಲೋಮೀಟರು ಮುಗಿದ ದಿನ ಚಿಕ್ಕಪ್ಪನವರು ತಾವಾಗಿಯೇ ಬಂದು ಕಡ್ಡಿಯನ್ನು ಎಳೆದು ನೋಡಿದರು. ಎಣ್ಣೆ ಮೇಲಿನ ಗುರುತಿನಿಂದ ಒಂದು ನೂಲಿನಷ್ಟು ಮಾತ್ರ ಇಳಿದಿತ್ತು. ಹಿಂದಿನ ಎರಡು ವಾರಗಳಿಂದ ಅದೂ ಕದಲಿರಲಿಲ್ಲ. ಅವರು ಏನೂ ಹೇಳದೆ ಕಡ್ಡಿಯನ್ನು ಒರೆಸಿ ಮೊದಲಿನಂತೆ ಇಟ್ಟು, ಕೈ ತೊಳೆದುಕೊಂಡು, ಧರ್ಮಸ್ಥಳಕ್ಕೆ ಹೊರಡುವ ದಿನ ತಮಗೂ ಒಂದು ಸೀಟು ಇರಲೆಂದು ನಮ್ಮ ತಾಯಿಯವರಲ್ಲಿ ಕೇಳಿದರು.